ವಿಮಾನ ನಿಲ್ದಾಣದ ಜಮಾ-ಖರ್ಚು

ಕಳೆದ ವರ್ಷ ದೀಪಾವಳಿ ಮುಗಿಸಿಕೊಂಡು ನಮ್ಮ ತಾಯಿಯವರು ಊರಿಗೆ ಹೊರಟರು. ಇಷ್ಟು ವರ್ಷ ಅವರ ಓಡಾಟವೆಲ್ಲ ರೈಲಿನಲ್ಲಿಯೇ ಆಗಿದ್ದಿತು. ಈ ಸಲ ಮೊಣಕಾಲಿನ ನೋವು ಹೆಚ್ಚಾದುದರಿಂದ ಮುಂಬಯಿಯಿಂದ ಹುಬ್ಬಳ್ಳಿಯವರೆಗೆ ವಿಮಾನ, ಅಲ್ಲಿಂದ ಬಳ್ಳಾರಿಗೆ ರೈಲು ಎಂದು ಗೊತ್ತುಮಾಡಿದೆವು. ಟಿಕೀಟಿನ ಕಾಗದವನ್ನು ಅವರು ಮೊಮ್ಮಗಳಿಂದ ಓದಿಸಿಕೊಂಡು, ಕಿರಾಣಿ ಅಂಗಡಿಯ ಚೀಟಿಯನ್ನು ತಾಳೆ ನೋಡುವಂತೆ ಒಂದೊಂದೇ ಬಾಬತ್ತನ್ನು ಒಪ್ಪುತ್ತ ಬಂದರು. ಮೂಲ ದರ ಇಷ್ಟು, ಸರಿ. ಸರಕಾರದ ತೆರಿಗೆ ಇಷ್ಟು. ಅದು ಎಲ್ಲಿ ತಪ್ಪೀತು, ಸರಿ. ಭದ್ರತೆಯ ಶುಲ್ಕ, ಪೋಲೀಸರಿಗೂ ಸಂಬಳ ಬೇಕಲ್ಲ, ಸರಿ. ನಾಲ್ಕನೆಯ ಬಾಬತ್ತಿಗೆ ಬಂದು ಲೆಕ್ಕ ನಿಂತಿತು.

"ಈ ಯೂಡಿಎಫ್ ಅಂದ್ರ ಏನಪಾ?"

"ಬಳಸುವವರ ಅಭಿವೃದ್ಧಿ ಶುಲ್ಕ ಅಂತ, ಅವ್ವಾ" ಎಂದೆವು.

"ಯಾರ ಅಭಿವೃದ್ಧಿ? ನಂದಾ, ಅವರದಾ?"

ಬಿ. ಕಾಂ. ಮುಗಿಸಿ, ಹನ್ನೆರಡು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ಪರರ ಖಾತೆಯ ಜಮಾ-ಖರ್ಚುಗಳನ್ನು ಪೈಸೆಗೆ ಪೈಸೆ ಹೊಂದಿಸಿಕೊಟ್ಟ ನಮಗೆ ಈ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಮೊತ್ತ ದೊಡ್ಡದೇನೂ ಅಲ್ಲ. ಆದರೆ ಕೊಟ್ಟ ಹಣ ಯಾವ ಖಾತೆಗೆ ಜಮೆಯಾಯಿತೆಂದು ಕೇಳುವ ಗಿರಾಕಿಗೆ ಉತ್ತರ ಕೊಡಲಾರದ ಕಾರಕೂನನ ಸ್ಥಿತಿ ಬಲು ಕೆಟ್ಟದ್ದು. ಅದೇ ವೇಳೆಗೆ ಸಂಘದ ಕಾರ್ಯದರ್ಶಿಗಳು ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಬೆನ್ನುಹತ್ತಿದರು. ಕವಿತೆ ನಮಗೆ ಒಲಿದುದಲ್ಲ. ಲೆಕ್ಕ ಅಷ್ಟಿಷ್ಟು ಒಲಿದಿದೆ. ಆದುದರಿಂದ ವಿಮಾನ ಇಳಿಯುವ ನೆಲದ ಲೆಕ್ಕವನ್ನೇ ಓದುಗರ ಮುಂದೆ ಇಡುತ್ತಿದ್ದೇವೆ. ವರ್ಷಕ್ಕೊಮ್ಮೆಯಾದರೂ ಹೆಂಡಿರು ಮಕ್ಕಳೊಂದಿಗೆ ಮಂಗಳೂರಿಗೋ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವ ಹೊರನಾಡ ಕನ್ನಡಿಗರಾದ ನಾವೆಲ್ಲ ಈ ಲೆಕ್ಕದಲ್ಲಿ ಪಾಲುದಾರರೇ.

ಕಥೆ ಆರಂಭವಾಗುವುದು ಜುಹುವಿನ ಕೆಸರಿನಲ್ಲಿ. 1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತ ಪುಟ್ಟ ಪುಸ್ ಮಾತ್ ವಿಮಾನವನ್ನು ತಾವೇ ನಡೆಸಿಕೊಂಡು ಅಹಮದಾಬಾದಿನ ಮಾರ್ಗವಾಗಿ ಜುಹುವಿಗೆ ಬಂದಿಳಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಬಂದಿದ್ದಿತು. ಜುಹುವಿನಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅಂಚೆಯನ್ನು ತೆಗೆದುಕೊಂಡು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹೋದರು. ಆಗ ನಮ್ಮ ಬಳ್ಳಾರಿ ಮದರಾಸು ಪ್ರಾಂತದಲ್ಲಿದ್ದಿತು. ಮೈಸೂರಿಗೆ ಸೇರಿದ್ದು 1953ರಲ್ಲಿ. ಇಂದು ಕರ್ನಾಟಕವೆನಿಸಿರುವ ನೆಲದಲ್ಲಿ ಬಳ್ಳಾರಿಗೆ ಹೀಗೆ ಆ ಮೊದಲ ಅಂಚೆ ವಿಮಾನವನ್ನು ಕಂಡ ಭಾಗ್ಯವಿದೆ. ಊರಿನ ಅಭಿಮಾನಕ್ಕೆ ಇದನ್ನು ಹೇಳಿದೆವು, ಓದುಗರು ಕ್ಷಮಿಸಬೇಕು.

ಆ ಜುಹು ಎಂಥ ನಿಲ್ದಾಣ? ಸಮುದ್ರದ ಭರತ ಬಂದಾಗ ನೀರಿನಡಿ ಸೇರುವ ಜೌಗು ಬಯಲು. ಮಳೆಗಾಲದಲ್ಲಿ ಅಲ್ಲಿ ಇಳಿಯುವುದೇ ಸಾಧ್ಯವಿಲ್ಲದೆ, ವಿಮಾನ ಸಂಸಾರವೆಲ್ಲ ಗಂಟುಮೂಟೆ ಕಟ್ಟಿಕೊಂಡು ಪುಣೆಯ ಯರವಡಾಕ್ಕೆ ಗುಳೆ ಹೋಗುತ್ತಿದ್ದಿತು. ಸರಕಾರ ಸಹಾಯಧನವನ್ನೇನೂ ಕೊಡಲಿಲ್ಲ. ಹೊತ್ತ ಅಂಚೆಯ ತೂಕಕ್ಕೆ ತಕ್ಕ ಕೂಲಿ ಮಾತ್ರ. ಮೊದಲ ವರ್ಷ ಆ ಕಂಪನಿಯ ವಿಮಾನಗಳಲ್ಲಿ ಕುಳಿತವರು ಒಟ್ಟು 155 ಮಂದಿ. ಅಂಥ ಕಾಲದಲ್ಲಿ ನೆಲದ ಬಾಡಿಗೆಯ ಪ್ರಶ್ನೆಯೇ ಏಳುವಂತಿರಲಿಲ್ಲ. ನಿಲ್ದಾಣವೆಂಬುದು ಒಂದು ಬಯಲು, ಒಂದು ಗಾಳಿಪಟ್ಟೆ, ಕೆಲವು ಪೆಟ್ರೋಲು ಡಬ್ಬಿ. ಬಯಲಿಗೆ ಯಾರು ಏನು ಕೊಟ್ಟಾರು?

ಪ್ರಶ್ನೆ ಎದ್ದುದು ಯುದ್ಧದ ಕೊನೆಯಲ್ಲಿ. 1944ರ ಡಿಸೆಂಬರ್ 7ರಂದು ಶಿಕಾಗೋ ನಗರದಲ್ಲಿ ಹಲವು ದೇಶಗಳು ಕೂಡಿ ಒಂದು ಒಡಂಬಡಿಕೆಗೆ ಸಹಿ ಮಾಡಿದವು. ಅದರ ಹದಿನೈದನೆಯ ಕಲಮಿನಲ್ಲಿ ನಿಲ್ದಾಣದ ಶುಲ್ಕದ ಮಾತು ಬರುತ್ತದೆ. ಒಂದು ದೇಶ ತನ್ನ ವಿಮಾನಗಳಿಗೆ ಹಾಕುವುದಕ್ಕಿಂತ ಹೆಚ್ಚಿನ ಶುಲ್ಕವನ್ನು ಅದೇ ಬಗೆಯ ಕೆಲಸದಲ್ಲಿರುವ ಪರದೇಶದ ವಿಮಾನಗಳಿಗೆ ಹಾಕಕೂಡದು. ಬರೀ ಬಂದುದಕ್ಕೆ, ಹೋದುದಕ್ಕೆ, ಮೇಲೆ ಹಾದುದಕ್ಕೆಂದು ಸುಂಕ ಕೀಳಕೂಡದು. ಹಳೆಯ ಸಂಸ್ಥಾನಗಳ ಗಡಿಯಲ್ಲಿ ಗಾಡಿ ನಿಲ್ಲಿಸಿ ಸುಂಕ ವಸೂಲು ಮಾಡುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಈ ಕಲಮಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಮಾತ್ರ ಬಹಳ ಕಾಲ ಇದು ಜಗಳದ ವಿಷಯವಾಗಲಿಲ್ಲ. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಮಂಗಳೂರು ನಿಲ್ದಾಣ ಆರಂಭವಾಯಿತು. 1953ರ ಆಗಸ್ಟ್ 1ರಿಂದ ವಿಮಾನ ಕಂಪನಿಗಳೆಲ್ಲ ರಾಷ್ಟ್ರೀಕರಣವಾಗಿ, ಒಳನಾಡಿಗೆ ಇಂಡಿಯನ್ ಏರ್‌ಲೈನ್ಸ್, ಹೊರನಾಡಿಗೆ ಏರ್ ಇಂಡಿಯಾ ಎಂದು ಎರಡೇ ನಿಗಮಗಳು ಉಳಿದವು. ನೆಲವೂ ಸರಕಾರದ್ದು, ವಿಮಾನವೂ ಸರಕಾರದ್ದು. ಇಳಿದ ವಿಮಾನದ ತೂಕ ನೋಡಿ ಬಾಡಿಗೆ ಬರೆಯುತ್ತಿದ್ದರೂ, ಅದು ಅಂಗಿಯ ಎಡಗಿಸೆಯಿಂದ ಬಲಗಿಸೆಗೆ ಹಾಕಿಕೊಂಡ ಲೆಕ್ಕ. ಮುಂದೆ ಜಂಬೋ ವಿಮಾನಗಳು ಬರುವ ಕಾಲ ಹತ್ತಿರವಾದಾಗ, ಟಾಟಾ ಅವರ ಅಧ್ಯಕ್ಷತೆಯ ಸಮಿತಿಯೊಂದು ದೊಡ್ಡ ನಿಲ್ದಾಣಗಳನ್ನು ಇಲಾಖೆಯ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಒಪ್ಪಿಸಬೇಕೆಂದಿತು. 1972ರ ಏಪ್ರಿಲ್ 1ರಂದು ಮುಂಬಯಿ, ಕಲಕತ್ತಾ, ದಿಲ್ಲಿ, ಮದರಾಸು ಈ ನಾಲ್ಕು ಹೊಸ ಪ್ರಾಧಿಕಾರದ ಕೈ ಸೇರಿದವು. ಉಳಿದವುಗಳಿಗೆ 1986ರಲ್ಲಿ ಇನ್ನೊಂದು ಪ್ರಾಧಿಕಾರ. 1995ರಲ್ಲಿ ಎರಡನ್ನೂ ಕೂಡಿಸಿ ಇಂದಿನ ವಿಮಾನ ನಿಲ್ದಾಣ ಪ್ರಾಧಿಕಾರವನ್ನು ಮಾಡಿದರು. ಹೆಸರು ಬದಲಾದರೂ ಕಿಸೆ ಒಂದೇ ಆಗಿದ್ದಿತು.

ಕಿಸೆಗಳು ಬೇರೆಯಾದುದನ್ನು ಜಗತ್ತಿಗೆ ಮೊದಲು ತೋರಿಸಿದವರು ಇಂಗ್ಲೆಂಡಿನವರು. 1986ರಲ್ಲಿ ಕಾಯ್ದೆ ಮಾಡಿ, 1987ರಲ್ಲಿ ಹೀತ್ರೂ ಮೊದಲಾದ ನಿಲ್ದಾಣಗಳ ಒಡೆತನವನ್ನು ಪೇಟೆಯಲ್ಲಿ ಷೇರುಗಳಾಗಿ ಮಾರಿದರು. ಒಂದು ಊರಿಗೆ ಒಂದೇ ನಿಲ್ದಾಣವಿರುವಾಗ ಅದರ ಒಡೆಯ ಕೇಳಿದಷ್ಟು ಕೊಡದೆ ಗತಿಯಿಲ್ಲ. ಆದುದರಿಂದ ಸರಕಾರ ಒಂದು ಕಡಿವಾಣ ಹಾಕಿತು: ಪೇಟೆಯ ಬೆಲೆಗಳು ವರ್ಷಕ್ಕೆ ಎಷ್ಟು ಏರುವವೋ ಅದಕ್ಕಿಂತ ಸೇಕಡಾ 1ರಷ್ಟು ಕಡಿಮೆಯಾಗಿಯೇ ನಿಲ್ದಾಣದ ಶುಲ್ಕ ಏರಬೇಕು; ಐದು ವರ್ಷಕ್ಕೊಮ್ಮೆ ಲೆಕ್ಕ ಹೊಸದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಮಾತು, ಗಲ್ಲಾಪೆಟ್ಟಿಗೆಯದು. ಇಂಗ್ಲಿಷಿನಲ್ಲಿ ಅದನ್ನು 'ಸಿಂಗಲ್ ಟಿಲ್' ಎನ್ನುತ್ತಾರೆ. ಟಿಲ್ ಎಂದರೆ ನಮ್ಮ ಹೋಟೆಲಿನವರ ಗಲ್ಲಾ.

ಮಾಟುಂಗಾದಲ್ಲಿ ನಮ್ಮವರದೊಂದು ಹೋಟೆಲಿದೆಯೆಂದು ಇಟ್ಟುಕೊಳ್ಳೋಣ. ಇಡೀ ಊರಿಗೆ ಅದೊಂದೇ ಹೋಟೆಲು. ಇಡ್ಲಿಯ ದರವನ್ನು ಸರಕಾರ ಗೊತ್ತುಮಾಡುತ್ತದೆ. ಹೋಟೆಲಿನ ಮುಂಗಟ್ಟಿನಲ್ಲಿ ಒಂದು ಪಾನಿನ ಅಂಗಡಿಯಿದೆ. ಅದರ ಬಾಡಿಗೆ ಹೋಟೆಲಿನ ಮಾಲಿಕನಿಗೆ. ಈಗ ಇಡ್ಲಿಯ ದರ ಹಾಕುವಾಗ ಪಾನಿನಂಗಡಿಯ ಬಾಡಿಗೆಯನ್ನು ಹಿಡಿಯಬೇಕೋ ಬೇಡವೋ? ಒಂದೇ ಗಲ್ಲಾ ಎಂದರೆ, ಹೋಟೆಲಿನ ಒಟ್ಟು ಖರ್ಚು ಮತ್ತು ನ್ಯಾಯವಾದ ಲಾಭದಲ್ಲಿ ಪಾನಿನಂಗಡಿಯ ಬಾಡಿಗೆಯನ್ನು ಕಳೆದು, ಉಳಿದುದನ್ನು ಮಾತ್ರ ಇಡ್ಲಿಯಿಂದ ವಸೂಲು ಮಾಡಬೇಕು, ಇಡ್ಲಿ ಅಗ್ಗವಾಗುತ್ತದೆ. ಎರಡು ಗಲ್ಲಾ ಎಂದರೆ, ಇಡ್ಲಿಯ ಖರ್ಚನ್ನು ಇಡ್ಲಿಯೇ ಹೊರಬೇಕು. ಪಾನಿನಂಗಡಿಯ ಬಾಡಿಗೆ ಮಾಲಿಕನ ಸ್ವಂತ.

ವಿಮಾನ ಕಂಪನಿಗಳ ವಾದ ಒಂದೇ ಗಲ್ಲಾದ ಪರ. "ನಿಮ್ಮ ಅಂಗಡಿಗಳಿಗೆ ಗಿರಾಕಿಯನ್ನು ಹೊತ್ತು ತರುವವರು ನಾವು. ವಿಮಾನ ಬಾರದಿದ್ದರೆ ನಿಮ್ಮ ಅತ್ತರು, ಕಾಫಿ, ಮೋಟಾರು ನಿಲ್ಲಿಸುವ ಜಾಗ, ಇವನ್ನು ಕೊಳ್ಳುವವರು ಯಾರು?" ನಿಲ್ದಾಣದವರ ವಾದ ಎರಡು ಗಲ್ಲಾದ ಪರ. "ಅಂಗಡಿಯ ನಷ್ಟ-ಲಾಭದ ಹೊಣೆ ನಮ್ಮದು. ಗಳಿಸಿದ್ದನ್ನೆಲ್ಲ ನಿಮ್ಮ ಬಾಡಿಗೆಯಲ್ಲಿ ಮುರಿದುಕೊಂಡರೆ ಅಂಗಡಿ ಬೆಳೆಸುವ ಉಮೇದು ನಮಗೇಕೆ?" ಎರಡು ವಾದಗಳಲ್ಲಿಯೂ ಹುರುಳಿದೆ. ನಾವು ಬಾಡಿಗೆ ಮನೆಯಲ್ಲಿ ಇರುವವರಾದುದರಿಂದಲೋ ಏನೋ, ನಮ್ಮ ಮನಸ್ಸು ಮಾತ್ರ ಒಂದೇ ಗಲ್ಲಾದ ಕಡೆಗೆ ವಾಲುತ್ತದೆ. ಹೀತ್ರೂವಿನಲ್ಲಿ ಒಂದೇ ಗಲ್ಲಾ ಇದ್ದಿತು. ಆದರೂ ಅಲ್ಲಿಯ ಶುಲ್ಕ ಅನ್ಯಾಯವೆಂದು ಅಮೇರಿಕದ ವಿಮಾನ ಕಂಪನಿಗಳು ಕೂಗಾಡಿ, ಎರಡು ಸರಕಾರಗಳ ನಡುವೆ ಪಂಚಾಯತಿ ನಡೆದು, 1992ರಲ್ಲಿ ತೀರ್ಪು ಭಾಗಶಃ ಅಮೇರಿಕದ ಪರವಾಗಿ ಬಂದಿತು.

ಇನ್ನು ನಮ್ಮ ಮನೆಯ ಕಥೆ. 1994ರಲ್ಲಿ ವಿಮಾನ ನಿಗಮಗಳ ಏಕಸ್ವಾಮ್ಯದ ಕಾಯ್ದೆ ರದ್ದಾಯಿತು. ಖಾಸಗಿ ಕಂಪನಿಗಳು ಹಾರತೊಡಗಿದವು. ಮೊದಲು ಆಕಾಶ ಖಾಸಗಿಯಾಯಿತು, ಆಮೇಲೆ ನೆಲ. 1999ರಲ್ಲಿ ಕೊಚ್ಚಿಯ ಬಳಿ ನೆಡುಂಬಾಶೇರಿಯಲ್ಲಿ ಕೇರಳದವರು ಪರದೇಶದಲ್ಲಿರುವ ತಮ್ಮವರಿಂದ ಷೇರು ಹಣ ಕೂಡಿಸಿ ನಿಲ್ದಾಣವೊಂದನ್ನು ಕಟ್ಟಿದರು. ಹೊರನಾಡಿಗರ ದುಡ್ಡಿನಿಂದ ಎದ್ದ ನಿಲ್ದಾಣವೆಂದು ಅದನ್ನು ಇಲ್ಲಿ ನೆನೆಯುವುದು ಉಚಿತ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದೊಂದಿಗೆ ಕೂಡಿ ಆರಂಭಿಸಿದ ವಿಮಾನ ಕಾರಖಾನೆಯ ನೆಲದ ಮೇಲೆಯೇ ಪ್ರಯಾಣಿಕರ ವಿಮಾನಗಳೂ ಇಳಿಯುತ್ತಿದ್ದವು. ಊರು ಬೆಳೆದು ಆ ನೆಲ ಸಾಲದಾಯಿತು. 2004ರ ಜುಲೈಯಲ್ಲಿ ಕೇಂದ್ರ ಸರಕಾರ ಹೊಸ ಕಂಪನಿಯೊಡನೆ ಕರಾರು ಬರೆಯಿತು. ಜರ್ಮನಿಯ ಸೀಮೆನ್ಸ್‌ಗೆ ಸೇಕಡಾ 40, ಲಾರ್ಸೆನ್ ಅಂಡ್ ಟೂಬ್ರೋ ಮತ್ತು ಜ್ಯೂರಿಕ್ ನಿಲ್ದಾಣದವರಿಗೆ ತಲಾ 17, ರಾಜ್ಯ ಸರಕಾರದ ಸಂಸ್ಥೆಗೂ ಕೇಂದ್ರದ ಪ್ರಾಧಿಕಾರಕ್ಕೂ ತಲಾ 13 ಪಾಲು. ಹಣ ಹಾಕುವವರು ಒಂದು ಷರತ್ತು ಹಾಕಿದ್ದರು: ಹೊಸ ನಿಲ್ದಾಣ ತೆರೆದ ಮೇಲೆ 25 ವರ್ಷ, 150 ಕಿಲೋಮೀಟರು ಸುತ್ತಳತೆಯೊಳಗೆ ಇನ್ನೊಂದು ನಿಲ್ದಾಣ ಬರಕೂಡದು, ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು. ಹಳೆಯದು ಸಾರ್ವಜನಿಕ ವಿಮಾನಗಳಿಗೆ ಮುಚ್ಚಿತು. ಹಳೆಯದನ್ನೂ ಉಳಿಸಿಕೊಡಿರೆಂದು ನಾಗರಿಕರು ಕೂಗಿದರು, ಹೈಕೋರ್ಟಿಗೆ ಹೋದರು, ಫಲ ಬರಲಿಲ್ಲ. ಸಾಲ ಕೊಡುವವರ ದೃಷ್ಟಿಯಿಂದ ನೋಡಿದರೆ ಷರತ್ತು ಸಹಜವೇ. ನಮ್ಮ ಬ್ಯಾಂಕಿನಲ್ಲಿಯೂ ಇದ್ದ ಅಂಗಡಿಯ ಎದುರಿಗೆ ಅದೇ ಸರಕಿನ ಅಂಗಡಿ ತೆರೆದರೆ ಸಾಲಗಾರನ ಕಂತು ತಪ್ಪೀತೆಂದು ಚಿಂತಿಸುವವರಿದ್ದಾರೆ. ಆದರೆ ಗಿರಾಕಿಗೆ ಎದುರಂಗಡಿಯೇ ರಕ್ಷಣೆ. ಹೈದರಾಬಾದಿನ ಶಂಷಾಬಾದು ನಿಲ್ದಾಣದ ಕರಾರಿನಲ್ಲಿಯೂ ಇಂಥದೇ ಷರತ್ತಿದ್ದು, ನಮ್ಮ ಬೀದರ ಜಿಲ್ಲೆಯವರು ತಮ್ಮ ಊರಿಗೆ ವಿಮಾನ ಕಾಣಲು 2020ರ ಫೆಬ್ರವರಿಯವರೆಗೆ ಕಾಯಬೇಕಾಯಿತೆಂಬುದಕ್ಕೆ ಅದೂ ಒಂದು ಕಾರಣ.

ದಿಲ್ಲಿ ಮತ್ತು ಮುಂಬಯಿ ನಿಲ್ದಾಣಗಳ ಪಾಳಿ 2006ರಲ್ಲಿ ಬಂದಿತು. ನೌಕರರು ಫೆಬ್ರವರಿಯಲ್ಲಿ ಮುಷ್ಕರ ಹೂಡಿದರು. ಏಪ್ರಿಲಿನಲ್ಲಿ ಕರಾರು ಆಗಿಯೇ ಹೋಯಿತು. ಹರಾಜಿನ ಕ್ರಮ ವಿಚಿತ್ರವಾದದ್ದು. ನಿಲ್ದಾಣದ ಒಟ್ಟು ಆದಾಯದಲ್ಲಿ ಸರಕಾರದ ಪ್ರಾಧಿಕಾರಕ್ಕೆ ಯಾರು ಹೆಚ್ಚು ಪಾಲು ಕೊಡುವರೋ ಅವರಿಗೆ ನಿಲ್ದಾಣ. ದಿಲ್ಲಿಗೆ ಜಿ.ಎಂ.ಆರ್. ಕೂಟದವರು ರೂಪಾಯಿಗೆ 45.99 ಪೈಸೆ, ಮುಂಬಯಿಗೆ ಜಿ.ವಿ.ಕೆ. ಕೂಟದವರು 38.7 ಪೈಸೆ ಒಪ್ಪಿಕೊಂಡರು. ಈ ಪಾಲನ್ನು ಖರ್ಚೆಂದು ತೋರಿಸಿ ಪ್ರಯಾಣಿಕರ ಮೇಲೆ ಹೊರಿಸಕೂಡದು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದರು. ಅದು ಒಳ್ಳೆಯ ಮಾತು. ಗಲ್ಲಾದ ಪ್ರಶ್ನೆಗೆ ನಡುದಾರಿ ಹಿಡಿದರು: ಅಂಗಡಿ ಮುಂತಾದವುಗಳ ಆದಾಯದಲ್ಲಿ ನೂರಕ್ಕೆ 30 ರೂಪಾಯಿ ಇಡ್ಲಿಯ ಗಲ್ಲಾಕ್ಕೆ, ಉಳಿದದ್ದು ಮಾಲಿಕನಿಗೆ. ಇದನ್ನು ಮಿಶ್ರ ಗಲ್ಲಾ ಎಂದು ಕರೆಯಬಹುದು. 2011ರಲ್ಲಿ ನಿಯಂತ್ರಣ ಪ್ರಾಧಿಕಾರ ಉಳಿದ ನಿಲ್ದಾಣಗಳಿಗೆ ಒಂದೇ ಗಲ್ಲಾ ಎಂದು ತೀರ್ಮಾನಿಸಿದ್ದರೂ, 2016ರ ವಿಮಾನಯಾನ ನೀತಿಯಲ್ಲಿ ಕೇಂದ್ರ ಸರಕಾರ ಎಲ್ಲ ಕಡೆಗೂ ಈ ಸೇಕಡಾ 30ರ ಮಿಶ್ರ ಗಲ್ಲಾವನ್ನೇ ಗೊತ್ತುಮಾಡಿತು.

ನಿಯಂತ್ರಣ ಪ್ರಾಧಿಕಾರ ಎಂದೆವು. ಎರಡು ವರ್ಷ ನಿಲ್ದಾಣಗಳನ್ನು ಕೊಟ್ಟಾದ ಮೇಲೆ ದರ ನೋಡುವವರು ಬೇಕೆಂದು ಸರಕಾರಕ್ಕೆ ಅನಿಸಿತು. 2008ರಲ್ಲಿ ಕಾಯ್ದೆಯಾಗಿ, 2009ರ ಮೇ 12ರಂದು ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಹುಟ್ಟಿತು. ವರ್ಷಕ್ಕೆ 15 ಲಕ್ಷ ಪ್ರಯಾಣಿಕರಿಗೆ ಮೀರಿದ ನಿಲ್ದಾಣಗಳು ಅದರ ಹತೋಟಿಗೆ. 2019ರಲ್ಲಿ ಈ ಗೆರೆಯನ್ನು 35 ಲಕ್ಷಕ್ಕೆ ಏರಿಸಿದರು. ಅದರ ಲೆಕ್ಕದ ಕ್ರಮ ಸರಳವಾಗಿ ಹೀಗೆ: ನಿಲ್ದಾಣದಲ್ಲಿ ತೊಡಗಿಸಿದ ಬಂಡವಾಳದ ಮೇಲೆ ನ್ಯಾಯವಾದ ಪ್ರತಿಫಲ, ಅದಕ್ಕೆ ಸವಕಳಿ, ನಡೆಸುವ ಖರ್ಚು, ತೆರಿಗೆ ಇವನ್ನು ಕೂಡಿಸಿ, ಅಂಗಡಿಗಳ ಆದಾಯದ ಸೇಕಡಾ 30ನ್ನು ಕಳೆ, ಉಳಿದುದನ್ನು ಐದು ವರ್ಷದ ವಿಮಾನಗಳ ಮೇಲೂ ಪ್ರಯಾಣಿಕರ ಮೇಲೂ ಹಂಚು. ವಿಮಾನಕ್ಕೆ ಹಂಚಿದ್ದು ಇಳಿಯುವ ಮತ್ತು ನಿಲ್ಲುವ ಶುಲ್ಕ. ತಲೆಗೆ ಹಂಚಿದ್ದು ನಮ್ಮ ತಾಯಿಯವರು ಕೇಳಿದ ಯೂಡಿಎಫ್. ಅಂದರೆ ಈ ಕ್ರಮದಲ್ಲಿ ಬಂಡವಾಳ ಬೆಳೆದಂತೆಲ್ಲ ಪ್ರತಿಫಲವೂ ಬೆಳೆಯುತ್ತದೆ. ಹೋಟೆಲಿಗೆ ಅಮೃತಶಿಲೆ ಹಾಸಿದಷ್ಟೂ ಇಡ್ಲಿಯ ದರ ಏರಿಸಲು ಆಧಾರ ಸಿಗುತ್ತದೆ. ಮುಂಬಯಿಯಲ್ಲಿ 9,802 ಕೋಟಿ ರೂಪಾಯಿ ಎಂದಿದ್ದ ಕೆಲಸದ ಅಂದಾಜು ಮುಂದೆ 12,380 ಕೋಟಿಗೆ ಏರಿತು. 2014ರ ಫೆಬ್ರವರಿಯಲ್ಲಿ ತೆರೆದ ಆ ಎರಡನೆಯ ಟರ್ಮಿನಲ್ಲಿನ ಸೊಬಗನ್ನು ನಾವೂ ಕಣ್ಣರಳಿಸಿ ನೋಡಿದ್ದೇವೆ, ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿನ ಸುಖಕ್ಕೆ ಯಾರು ಕೊಟ್ಟರು?

ಈ ಪ್ರಶ್ನೆಯೇ ಸುಪ್ರೀಂ ಕೋರ್ಟಿಗೆ ಹೋದದ್ದು. 2009ರ ಮಾರ್ಚಿನಿಂದ ದಿಲ್ಲಿಯಲ್ಲಿ, ಏಪ್ರಿಲಿನಿಂದ ಮುಂಬಯಿಯಲ್ಲಿ, ಯೂಡಿಎಫ್ ಅಲ್ಲದ ಇನ್ನೊಂದು 'ಅಭಿವೃದ್ಧಿ ಶುಲ್ಕ'ವನ್ನು ಹೊರಡುವ ಪ್ರಯಾಣಿಕರಿಂದ ಎತ್ತತೊಡಗಿದರು. ದಿಲ್ಲಿಯಲ್ಲಿ ಒಳನಾಡಿಗೆ 200, ಪರದೇಶಕ್ಕೆ 1,300 ರೂಪಾಯಿ. ಮುಂಬಯಿಯಲ್ಲಿ 100 ಮತ್ತು 600. ಕಟ್ಟಡಕ್ಕೆ ಹಣ ಸಾಲದು, ಅದಕ್ಕಾಗಿ ಎಂದರು. ಕಟ್ಟಿದ ಮನೆಗೆ ಬಾಡಿಗೆ ಕೊಡುವುದು ಸರಿ. ಕಟ್ಟುವ ಮನೆಗೂ ಬಾಡಿಗೆದಾರನೇ ಇಟ್ಟಿಗೆ ತರಬೇಕೆಂದರೆ? ಅನುಮತಿ ಕೊಟ್ಟದ್ದು ಸಚಿವಾಲಯದ ಒಂದು ಪತ್ರ. ಗ್ರಾಹಕರ ಸಂಘಟನೆಯೊಂದು ದಾವೆ ಹೂಡಿ, ಕೆಳಗೆ ಸೋತು, ಮೇಲೆ ಹೋಯಿತು. 2011ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಇದು ಸೇವೆಗೆ ಕೊಡುವ ಬೆಲೆಯಲ್ಲ, ತೆರಿಗೆಯ ಜಾತಿಯದು. ಕಾಯ್ದೆ ಹೇಳಿದ ಉದ್ದೇಶಕ್ಕೆ ಮಾತ್ರ ಅದನ್ನು ಎತ್ತಬಹುದು. ನಿಯಂತ್ರಣ ಪ್ರಾಧಿಕಾರದ ಕಾಯ್ದೆ ಜಾರಿಗೆ ಬಂದ ಮೇಲೆ ದರ ಗೊತ್ತುಮಾಡುವುದು ಆ ಪ್ರಾಧಿಕಾರದ ಕೆಲಸ, ಸಚಿವಾಲಯದ ಪತ್ರದ್ದಲ್ಲ. ಪ್ರಾಧಿಕಾರದ ಆದೇಶ ಬರುವವರೆಗೆ ಮುಂಬಯಿಯ ವಸೂಲಿ ನಿಂತಿತು. ಮುಂದೆ ಪ್ರಾಧಿಕಾರವೇ ಲೆಕ್ಕ ನೋಡಿ ಅನುಮತಿ ಕೊಟ್ಟಿತೆನ್ನಿ. ಆದರೆ ಒಂದು ಲಾಭವಾಯಿತು. ಪ್ರಯಾಣಿಕರ ಹಣದಿಂದ ಕಟ್ಟಿದ ಭಾಗವನ್ನು ಮಾಲಿಕನ ಬಂಡವಾಳವೆಂದು ಹಿಡಿದು ಅದರ ಮೇಲೆ ಮತ್ತೆ ಪ್ರತಿಫಲ ಎಣಿಸಕೂಡದೆಂಬ ಕ್ರಮವನ್ನು ಪ್ರಾಧಿಕಾರ ಪಾಲಿಸಿತು. ತಾಯಿಯವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದುದು ನಮಗೆ ಇಲ್ಲಿ.

ದಿಲ್ಲಿಯ ದರದ ಏರಿಳಿತವನ್ನು ಕೇಳಿದರೆ ಯಾವ ಕಾರಕೂನನಿಗೂ ತಲೆ ತಿರುಗೀತು. ನಿಲ್ದಾಣದವರು ಸೇಕಡಾ 774ರಷ್ಟು ಏರಿಕೆ ಕೇಳಿದ್ದರು. 2012ರಲ್ಲಿ ಪ್ರಾಧಿಕಾರ ಸೇಕಡಾ 346ರಷ್ಟು ಏರಿಕೆಗೆ ಒಪ್ಪಿತು. ವಿಮಾನ ಕಂಪನಿಗಳು ಹೌಹಾರಿದವು. ಮರು ಅವಧಿಗೆ 2015ರ ಡಿಸೆಂಬರಿನಲ್ಲಿ ಅದೇ ಪ್ರಾಧಿಕಾರ, ಹಿಂದೆ ಹೆಚ್ಚಾಗಿ ವಸೂಲಾದುದನ್ನು ಹಿಂದಕ್ಕೆ ಹೊಂದಿಸಲೆಂದು ಸೇಕಡಾ 89.4ರಷ್ಟು ಇಳಿಸಿತು. ನ್ಯಾಯಾಲಯಗಳಲ್ಲಿ ಅಲೆದು ಆ ಇಳಿಕೆ ಜಾರಿಗೆ ಬಂದುದು 2017ರಲ್ಲಿ. ಏರಿದ ಕಾಲದಲ್ಲಿ ಹಾರಿದವರು ಒಬ್ಬರು, ಇಳಿದ ಕಾಲದಲ್ಲಿ ಹಾರಿದವರು ಇನ್ನೊಬ್ಬರು. ಖಾತೆ ಹೊಂದಿತು; ಖಾತೆದಾರರು ಬದಲಾಗಿದ್ದರು.

ಇದೇ ನ್ಯಾಯ ಕೊರೋನಾದ ಕಾಲದಲ್ಲಿ ತಿರುಗುಮುರುಗಾಯಿತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ಒಳನಾಡ ವಿಮಾನಗಳು ಹಾರಲೇ ಇಲ್ಲ. ನಿಲ್ದಾಣದ ದೀಪ, ಬಡ್ಡಿ, ಸಂಬಳ ನಿಲ್ಲಲಿಲ್ಲ. ಐದು ವರ್ಷದ ಲೆಕ್ಕದಲ್ಲಿ ಬಂದ ಕೊರತೆಯನ್ನು ಮುಂದಿನ ಐದು ವರ್ಷದ ದರದಲ್ಲಿ ತುಂಬಿಕೊಡುವುದು ಪದ್ಧತಿ. ಆದುದರಿಂದ ಅಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತವರು ಹಾರದ ಪ್ರಯಾಣಕ್ಕೆ ಇಂದು ಹಾರುವಾಗ ಕೊಡುತ್ತಾರೆ.

ಇಷ್ಟು ಹೊತ್ತು ನಿಲ್ದಾಣದವರನ್ನೇ ವಿಚಾರಿಸಿದೆವು. ವಿಮಾನ ಕಂಪನಿಗಳು ಬರೀ ಬಡಪಾಯಿಗಳೆಂದು ಓದುಗರು ತಿಳಿಯಬಾರದು. ಯೂಡಿಎಫನ್ನು ಟಿಕೀಟಿನೊಡನೆ ನಮ್ಮಿಂದ ಪಡೆಯುವವರು ಅವರೇ. ಕೆಲವು ದಿನಗಳ ಉದ್ದರಿಯ ಮೇಲೆ ನಿಲ್ದಾಣಕ್ಕೆ ಒಪ್ಪಿಸುತ್ತಾರೆ. ಆ ನಡುವಿನ ದಿನಗಳಲ್ಲಿ ಪರರ ಹಣ ಅವರ ಕೈಯಲ್ಲಿ ಇರುತ್ತದೆ. ಬ್ಯಾಂಕಿನವರಿಗೆ ಗೊತ್ತು, ಅಂಥ ದಿನಗಳು ಎಷ್ಟು ಅಪಾಯದವೆಂದು.

2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಕಂಪನಿಯ ಮೊದಲ ವಿಮಾನವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದರು. ರೈಲಿನ ಜನರನ್ನು ವಿಮಾನಕ್ಕೆ ತಂದ ಕೀರ್ತಿ ಆ ಕನ್ನಡಿಗರದು. ಸಣ್ಣ ವಿಮಾನಗಳಿಗೆ ಸರಕಾರ ಕೊಟ್ಟಿದ್ದ ರಿಯಾಯಿತಿಯೊಂದನ್ನು ಇಲ್ಲಿ ಹೇಳಬೇಕು: 80ಕ್ಕಿಂತ ಕಡಿಮೆ ಆಸನಗಳ ಒಳನಾಡ ವಿಮಾನಕ್ಕೆ ಇಳಿಯುವ ಶುಲ್ಕವಿಲ್ಲ. ಇಂಡಿಗೋದವರ ಎ.ಟಿ.ಆರ್. ವಿಮಾನಗಳಲ್ಲಿ ಆಸನಗಳು ಎಣಿಸಿದಂತೆ 78 ಇರುವುದನ್ನು ನೋಡಿದಾಗ ಲೆಕ್ಕ ಬಲ್ಲವರ ಮುಖದಲ್ಲಿ ನಗೆ ಸುಳಿಯದಿರದು. ಏರ್ ಡೆಕ್ಕನ್ 2008ರಲ್ಲಿ ಬೆಂಗಳೂರಿನದೇ ಉದ್ಯಮ ಸಮೂಹದ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಆ ಕಂಪನಿ 2012ರ ಅಕ್ಟೋಬರಿನಲ್ಲಿ ಹಾರುವುದನ್ನೇ ನಿಲ್ಲಿಸಿತು. ಹೈದರಾಬಾದು ನಿಲ್ದಾಣಕ್ಕೆ ಬಳಕೆಯ ಬಾಬತ್ತು ಅದು ಕೊಟ್ಟಿದ್ದ ಚೆಕ್ಕುಗಳು ಖಾತೆಯಲ್ಲಿ ಹಣವಿಲ್ಲದೆ ಮರಳಿ ಬಂದವು. ತಲಾ 50 ಲಕ್ಷ ರೂಪಾಯಿಯ ಎರಡು ಚೆಕ್ಕುಗಳ ಮೊಕದ್ದಮೆಯಲ್ಲಿ 2016ರ ಏಪ್ರಿಲಿನಲ್ಲಿ ಹೈದರಾಬಾದಿನ ನ್ಯಾಯಾಲಯ ಕಂಪನಿಯನ್ನು ತಪ್ಪಿತಸ್ಥವೆಂದಿತು. ಮರಳಿ ಬಂದ ಚೆಕ್ಕಿಗೆ ಕಾರಣದ ಚೀಟಿ ಲಗತ್ತಿಸುವ ಕೆಲಸ ನಮ್ಮ ಮೇಜಿನ ಮೇಲೂ ಬರುತ್ತದೆ. ಕಿರಾಣಿಯವನ ಎರಡು ಸಾವಿರದ ಚೆಕ್ಕಿಗೂ ಅದೇ ಕಾಯ್ದೆಯ 138ನೆಯ ಕಲಮು. ಇಂಥ ಅನುಭವಗಳಾದ ಮೇಲೆ ನಿಲ್ದಾಣಗಳು ಠೇವಣಿ, ಬ್ಯಾಂಕ್ ಗ್ಯಾರಂಟಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ನಂಬಿಕೆ ಕೆಟ್ಟ ಕಂಪನಿಗೆ ದಿನದ ಹಣ ದಿನವೇ ಎಣಿಸಿದರೆ ಮಾತ್ರ ನೆಲ.

ಸಣ್ಣ ಊರುಗಳ ನಿಲ್ದಾಣಗಳದು ಇನ್ನೂ ಬೇರೆ ಸಂಕಟ. ಅಲ್ಲಿ ನಿಲ್ದಾಣವೇ ವಿಮಾನವನ್ನು ಕೈಮುಗಿದು ಕರೆಯಬೇಕು. 2016ರಲ್ಲಿ ಗೊತ್ತಾದ ಉಡಾನ್ ಯೋಜನೆಯಂತೆ ಸರಕಾರದ ನಿಲ್ದಾಣಗಳಲ್ಲಿ ಆ ವಿಮಾನಗಳಿಗೆ ಇಳಿಯುವ, ನಿಲ್ಲುವ ಶುಲ್ಕ ಮಾಫಿ; ಮೇಲೆ ಮೂರು ವರ್ಷ ನಷ್ಟ ತುಂಬುವ ಸಹಾಯಧನ. 2017ರಲ್ಲಿ ನಮ್ಮ ಬಳ್ಳಾರಿ ಸೀಮೆಯ ವಿದ್ಯಾನಗರಕ್ಕೂ ಈ ಯೋಜನೆಯಲ್ಲಿ ಹೈದರಾಬಾದಿನಿಂದ ವಿಮಾನ ಬಂದಿತು. ಮೂರು ವರ್ಷ ಮುಗಿದೊಡನೆ ಎಷ್ಟೋ ಊರುಗಳಲ್ಲಿ ವಿಮಾನವೂ ಮುಗಿದುದುಂಟು.

ಮಂಗಳೂರಿನ ಕಡೆಯವರಿಗಾಗಿ ಒಂದು ಮಾತು. 2019ರಲ್ಲಿ ಆರು ನಿಲ್ದಾಣಗಳನ್ನು ಹರಾಜಿಗಿಟ್ಟಾಗ ಹಳೆಯ ಆದಾಯದ ಪಾಲಿನ ಕ್ರಮ ಬಿಟ್ಟು, ಪ್ರಯಾಣಿಕ ಒಬ್ಬನಿಗೆ ಇಷ್ಟು ಎಂಬ ಕ್ರಮ ತಂದರು. ಆರನ್ನೂ ಅದಾನಿ ಕಂಪನಿಯವರು ಗೆದ್ದರು. ಅಹಮದಾಬಾದಿಗೆ ತಲೆಗೆ 177 ರೂಪಾಯಿ, ಮಂಗಳೂರಿಗೆ 115. 2020ರ ಅಕ್ಟೋಬರ್ 31ರಿಂದ ಬಜ್ಪೆ ಅವರ ಕೈಯಲ್ಲಿದೆ. 2021ರಲ್ಲಿ ಮುಂಬಯಿಯೂ ಅವರ ಕೈ ಸೇರಿದುದರಿಂದ ಮುಂಬಯಿ-ಮಂಗಳೂರು ಪ್ರಯಾಣದ ಎರಡು ತುದಿಗಳಿಗೂ ಈಗ ಒಬ್ಬನೇ ಯಜಮಾನ. 2023ರಲ್ಲಿ ಮಂಗಳೂರಿನ ಯೂಡಿಎಫ್ ಏರಿದಾಗ ನಮ್ಮ ಸಂಘದ ಹಿರಿಯರೊಬ್ಬರು, "ದಿಲ್ಲಿ ಮುಂಬಯಿಗಿಂತ ನಮ್ಮೂರಿನದೇ ದುಬಾರಿಯೇ ಮಾರಾಯರೇ?" ಎಂದು ಸಿಡುಕಿದ್ದರು. ಕಾರಣ ಸರಳ. ಓಟದ ಪಟ್ಟಿ, ಬೆಂಕಿಯ ಬಂಬು, ಕಾವಲು ಇವು ಸಣ್ಣ ಊರಿಗೂ ಬೇಕು. ಹಂಚಿಕೊಳ್ಳುವ ತಲೆಗಳು ಮಾತ್ರ ಕಡಿಮೆ. ನಾಲ್ಕು ಮಂದಿಯ ಮದುವೆಗೂ ಪುರೋಹಿತರ ದಕ್ಷಿಣೆ ಅಷ್ಟೇ ತಾನೆ.

ನವಿಮುಂಬಯಿಯ ಹೊಸ ನಿಲ್ದಾಣದ ಉದ್ಘಾಟನೆ 2025ರ ಅಕ್ಟೋಬರ್ 8ರಂದು ಆಯಿತು. ಅದರ ಒಡೆತನದಲ್ಲಿಯೂ ದೊಡ್ಡ ಪಾಲು ಅದಾನಿಯವರದೇ. ಊರಿಗೆ ಎರಡು ನಿಲ್ದಾಣವಾದರೂ ಎದುರಂಗಡಿ ಎನ್ನುವಂತಿಲ್ಲ.

ತಾಯಿಯವರನ್ನು ಕಳಿಸಲು ಹೋದ ದಿನ ಬಾಗಿಲಿನಲ್ಲಿಯೇ ನಮ್ಮನ್ನು ತಡೆದರು. ಗಾಲಿಕುರ್ಚಿಯವನು ಅವರನ್ನು ಒಳಗೆ ಕರೆದೊಯ್ದ. ಅರ್ಧ ಗಂಟೆಯ ಮೇಲೆ ಫೋನು ಬಂದಿತು. ಒಳಗೆ ಒಂದು ಲೋಟ ಚಹಾದ ಬೆಲೆ ಕೇಳಿ ಅವರು ಅವಾಕ್ಕಾಗಿದ್ದರು. "ನಾ ಏನೂ ತೊಗೊಳ್ಳಿಲ್ಲಪಾ. ಸೊಸಿ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚೀನಿ. ಬಾಜೂಕ ಕುಂತ ಹುಡುಗೀಗೂ ಒಂದಿಷ್ಟು ಕೊಟ್ಟೆ" ಎಂದರು. ಆ ದಿನ ನಿಲ್ದಾಣದ ಎರಡನೆಯ ಗಲ್ಲಾಕ್ಕೆ ನಮ್ಮ ಮನೆಯಿಂದ ಒಂದು ಪೈಸೆಯೂ ಬೀಳಲಿಲ್ಲ.